ಎಸ್‌ಎಸ್‌ಡಿ ಹಾಕಿದ ಮೇಲೂ ಲ್ಯಾಪ್‌ಟಾಪ್ ತೆರೆದುಕೊಳ್ಳಲು ಎರಡೂವರೆ ನಿಮಿಷ: ತಪ್ಪು ಎಲ್ಲಿದೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. 2015ರಲ್ಲಿ ಕೊಂಡ ನನ್ನ ಲ್ಯಾಪ್‌ಟಾಪ್‌ನಲ್ಲಿ ಐದನೆಯ ತಲೆಮಾರಿನ ಐ3 ಪ್ರೊಸೆಸರ್, 8 ಜಿಬಿ ರ‍್ಯಾಮ್ ಮತ್ತು ಲಿನಕ್ಸ್ ಮಿಂಟ್ ಇವೆ. ಅದರ 1 ಟಿಬಿ ಹಾರ್ಡ್ ಡಿಸ್ಕ್ ಬಹಳ ನಿಧಾನವಾಗಿದ್ದುದರಿಂದ ಕಳೆದ ವಾರ ಅದನ್ನು ತೆಗೆದು 500 ಜಿಬಿಯ ಸಾಟಾ ಎಸ್‌ಎಸ್‌ಡಿ ಕೂರಿಸಿದೆ. ಹೊಸದು ಹಳೆಯದಕ್ಕಿಂತ ಚಿಕ್ಕದಾದ್ದರಿಂದ ಇಡೀ ಡಿಸ್ಕನ್ನು ಒಮ್ಮೆಗೇ ನಕಲು ಮಾಡಲಾಗಲಿಲ್ಲ. ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ಡಿಸ್ಕನ್ನು ವಿಭಾಗಿಸುವ ಜಿಪಾರ್ಟೆಡ್‌ನಲ್ಲಿ ರೂಟ್ ಪಾರ್ಟಿಷನ್ನನ್ನು (ವ್ಯವಸ್ಥೆಯ ಕಡತಗಳಿರುವ ಭಾಗ) ಕುಗ್ಗಿಸಿ ಹೊಸ ಡಿಸ್ಕಿಗೆ ನಕಲಿಸಿದೆ. ಸ್ವಾಪ್ ಪಾರ್ಟಿಷನ್ನನ್ನು (ಮೆಮೊರಿ ಸಾಲದಾಗ ಬಳಸುವ ಭಾಗ) ಮಾತ್ರ ಹೊಸದಾಗಿ ಮಾಡಿಕೊಂಡು, ಕೊನೆಗೆ ಲಿನಕ್ಸ್ ಅನ್ನು ಆರಂಭಿಸಿಕೊಡುವ ಗ್ರಬ್ ಅನ್ನು ಮತ್ತೆ ಸ್ಥಾಪಿಸಿದೆ.

ಈಗ ಫೈರ್‌ಫಾಕ್ಸ್ ಮತ್ತು ಲಿಬ್ರೆಆಫೀಸ್ ಒತ್ತಿದ ಕೂಡಲೇ ತೆರೆದುಕೊಳ್ಳುತ್ತವೆ. ಆದರೆ ಲ್ಯಾಪ್‌ಟಾಪ್ ಆರಂಭವಾಗಲು ಮೊದಲು ಎರಡು ನಿಮಿಷ ಬೇಕಾಗಿದ್ದರೆ ಈಗ ಎರಡೂವರೆ ನಿಮಿಷ ಬೇಕು. ಮಿಂಟ್‌ನ ಲಾಂಛನ ಪರದೆಯ ಮೇಲೆ ಸುಮ್ಮನೆ ನಿಂತಿರುತ್ತದೆ. ನಲವತ್ತು ನಿಮಿಷದ ತರಗತಿಯಲ್ಲಿ ಮಕ್ಕಳನ್ನು ಖಾಲಿ ಪರದೆಯ ಮುಂದೆ ಕೂರಿಸಿಕೊಳ್ಳುವುದು ನನಗೆ ನಿಜಕ್ಕೂ ಬೇಸರದ ಸಂಗತಿ. ಎಸ್‌ಎಸ್‌ಡಿಯನ್ನೇ ಹಿಂದಿರುಗಿಸಬೇಕೇ? ಅದಕ್ಕೆ ಇನ್ನು ಮೂರು ದಿನ ಮಾತ್ರ ಅವಕಾಶವಿದೆ.

ಮೊದಲ ಉತ್ತರ

ಬಯಾಸ್‌ನಲ್ಲಿ ಸಾಟಾ ಮೋಡ್ (ಡಿಸ್ಕಿನೊಡನೆ ವ್ಯವಹರಿಸುವ ವಿಧಾನ) ಎಎಚ್‌ಸಿಐ ಎಂದು ಇದೆಯೇ ನೋಡಿ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಅದು ಹಳೆಯ ವಿಧಾನವಾದ ಐಡಿಇ ಎಂದು ಉಳಿದುಬಿಟ್ಟಿರುವುದುಂಟು. ಅದು ಸರಿಯಿದ್ದರೆ ಡಿಸ್ಕಿನಲ್ಲಿಯೇ ದೋಷವಿರಬಹುದು. ಅವಧಿ ಮುಗಿಯುವ ಮುನ್ನ ಬದಲಾಯಿಸಿಕೊಳ್ಳುವುದು ಕ್ಷೇಮ.

ಎರಡನೆಯ ಉತ್ತರ

ದಯವಿಟ್ಟು ಅವಸರದಲ್ಲಿ ಡಿಸ್ಕನ್ನು ಹಿಂದಿರುಗಿಸಬೇಡಿ. ಅದು ಸರಿಯಾಗಿದೆ ಎಂಬುದಕ್ಕೆ ನಿಮ್ಮ ಪ್ರಶ್ನೆಯಲ್ಲೇ ಸಾಕ್ಷಿ ಇದೆ. ನಿಮ್ಮ ಹಳೆಯ ಹಾರ್ಡ್ ಡಿಸ್ಕ್, ಆ ಕಾಲದ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಇದ್ದಂತೆ, ನಿಮಿಷಕ್ಕೆ 5400 ಸುತ್ತು ತಿರುಗುವಂಥದ್ದು ಎಂದಿಟ್ಟುಕೊಳ್ಳೋಣ. ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಮಾಹಿತಿ ತಲೆಯ ಕೆಳಗೆ ಬರುವವರೆಗೆ ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೂ ಮೊದಲು ತಲೆ ಸರಿಯಾದ ಪಥಕ್ಕೆ ಸರಿಯಬೇಕು. ಹೀಗಾಗಿ ಅಲ್ಲಲ್ಲಿ ಚದುರಿದ ಸಣ್ಣ ಕಡತಗಳನ್ನು ಅದು ಸೆಕೆಂಡಿಗೆ ನೂರು ಬಾರಿ ಓದುವುದೂ ಕಷ್ಟ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲದ ಕಾರಣ ಅದು ಇದೇ ಕೆಲಸವನ್ನು ಸೆಕೆಂಡಿಗೆ ಸಾವಿರಾರು ಬಾರಿ ಮಾಡುತ್ತದೆ. ಫೈರ್‌ಫಾಕ್ಸ್ ಬೇಗ ತೆರೆಯುತ್ತಿರುವುದು ಇದರಿಂದಲೇ. ಡಿಸ್ಕ್ ಕೆಟ್ಟಿದ್ದರೆ ಅದೂ ಕುಂಟುತ್ತಿತ್ತು.

ಹಾಗಾದರೆ ಆರಂಭದಲ್ಲಿ ಯಂತ್ರ ಓದುತ್ತಿಲ್ಲ, ಯಾವುದಕ್ಕೋ ಕಾಯುತ್ತಿದೆ. ಟರ್ಮಿನಲ್‌ನಲ್ಲಿ ಸಿಸ್ಟಮ್‌ಡಿ-ಅನಲೈಜ್ ಆದೇಶ ಕೊಟ್ಟು ಬಂದ ಅಂಕಿಗಳನ್ನು ತಿಳಿಸಿ, ಯಾವ ಸೇವೆ ಎಷ್ಟು ಹೊತ್ತು ತೆಗೆದುಕೊಂಡಿತೆಂದು ಹೇಳುವ ಅದರ ಬ್ಲೇಮ್ ಪಟ್ಟಿಯ ಮೊದಲ ಸಾಲುಗಳನ್ನೂ ಬರೆಯಿರಿ. ಮುಂದಿನ ಸಲ ಬೂಟ್ ಆಗುವಾಗ ಲಾಂಛನ ಕಂಡೊಡನೆ ಎಸ್ಕೇಪ್ ಕೀಲಿ ಒತ್ತಿ. ಅದರ ಹಿಂದೆ ಅಡಗಿರುವ ಸಂದೇಶಗಳು ಕಾಣುತ್ತವೆ.

ಪ್ರಶ್ನೆ ಕೇಳಿದವರು

ಸಾಟಾ ಮೋಡ್ ಎಎಚ್‌ಸಿಐ ಎಂದೇ ಇದೆ. ಕರ್ನಲ್‌ಗೆ (ವ್ಯವಸ್ಥೆಯ ತಿರುಳು) 36 ಸೆಕೆಂಡು, ಯೂಸರ್‌ಸ್ಪೇಸ್‌ಗೆ (ಅದರ ಮೇಲೆ ಓಡುವ ಸೇವೆಗಳು) 1 ನಿಮಿಷ 41 ಸೆಕೆಂಡು ಎಂದು ತೋರಿಸುತ್ತಿದೆ. ವಿಚಿತ್ರವೆಂದರೆ ಬ್ಲೇಮ್ ಪಟ್ಟಿಯಲ್ಲಿ ನಾಲ್ಕು ಸೆಕೆಂಡಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡ ಸೇವೆ ಒಂದೂ ಇಲ್ಲ. ಎಸ್ಕೇಪ್ ಒತ್ತಿದಾಗ ಉದ್ದನೆಯ ಗುರುತಿನ ಸಂಖ್ಯೆಯೊಂದರ ಮುಂದೆ ಕೆಂಪು ನಕ್ಷತ್ರಗಳು ಅತ್ತಿಂದಿತ್ತ ಓಡಾಡುತ್ತಿದ್ದವು. ಪಕ್ಕದಲ್ಲಿ ಸೆಕೆಂಡುಗಳ ಎಣಿಕೆ 1 ನಿಮಿಷ 30 ಸೆಕೆಂಡು ಮುಟ್ಟಿದ ಮೇಲೆಯೇ ಮುಂದಕ್ಕೆ ಹೋಯಿತು.

ಎರಡನೆಯ ಉತ್ತರದವರು

ಆ ತೊಂಬತ್ತು ಸೆಕೆಂಡುಗಳೇ ಗುಟ್ಟು. ಆರಂಭದ ಕೆಲಸಗಳನ್ನು ನಡೆಸುವ ಸಿಸ್ಟಮ್‌ಡಿ ಒಂದು ಸಾಧನಕ್ಕಾಗಿ ಸಾಮಾನ್ಯವಾಗಿ ಕಾಯುವ ಅವಧಿ ಅಷ್ಟೇ. ಪ್ರತಿ ಪಾರ್ಟಿಷನ್‌ಗೂ ಫಾರ್ಮ್ಯಾಟ್ ಆಗುವಾಗ ಯುಯುಐಡಿ ಎಂಬ ಗುರುತು ಸಿಗುತ್ತದೆ. ಜಿಪಾರ್ಟೆಡ್‌ನಲ್ಲಿ ನಕಲು ಮಾಡಿದ ರೂಟ್ ಪಾರ್ಟಿಷನ್ ತನ್ನ ಹಳೆಯ ಗುರುತನ್ನೇ ಉಳಿಸಿಕೊಂಡದ್ದರಿಂದ ಯಂತ್ರ ತೆರೆದುಕೊಳ್ಳುತ್ತಿದೆ. ಆದರೆ ಸ್ವಾಪ್ ಅನ್ನು ನೀವು ಹೊಸದಾಗಿ ಮಾಡಿದ್ದೀರಿ, ಅದರ ಗುರುತೂ ಹೊಸದು. ಇಟಿಸಿ ಫೋಲ್ಡರಿನ ಎಫ್‌ಎಸ್‌ಟ್ಯಾಬ್ ಕಡತದಲ್ಲಿ (ಆರಂಭದಲ್ಲಿ ಜೋಡಿಸಬೇಕಾದ ಪಾರ್ಟಿಷನ್‌ಗಳ ಪಟ್ಟಿ) ಮಾತ್ರ ಈಗ ಯಂತ್ರದಲ್ಲಿ ಇಲ್ಲದ ಹಳೆಯ ಸ್ವಾಪ್‌ನ ಗುರುತು ಹಾಗೆಯೇ ಇದೆ. ಬಾರದ ಅತಿಥಿಗೆ ಎಲೆ ಹಾಕಿ ಕಾದಂತೆ ಯಂತ್ರ ಅದಕ್ಕಾಗಿ ಕಾಯುತ್ತಿದೆ. ಆ ಸಾಧನ ಕೊನೆಗೂ ಬರುವುದೇ ಇಲ್ಲವಾದ್ದರಿಂದ ಅದು ಬ್ಲೇಮ್ ಪಟ್ಟಿಗೂ ಸೇರುವುದಿಲ್ಲ.

ಕರ್ನಲ್‌ನ 36 ಸೆಕೆಂಡುಗಳಲ್ಲಿಯೂ ಸುಮಾರು 30 ಇದೇ ಕಾರಣದ್ದು. ಹೈಬರ್ನೇಟ್ ಆದ ಸ್ಥಿತಿಯನ್ನು ಎಲ್ಲಿಂದ ಮರಳಿ ಪಡೆಯಬೇಕೆಂದು ಸೂಚಿಸುವ ರೆಸ್ಯೂಮ್ ಎಂಬ ಕಡತ ಇಟಿಸಿಯೊಳಗಿನ ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್ ಫೋಲ್ಡರಿನ ಕಾನ್ಫ್.ಡಿಯಲ್ಲಿ ಇರುತ್ತದೆ, ಅಲ್ಲಿಯೂ ಹಳೆಯ ಗುರುತೇ ಉಳಿದಿರಬೇಕು.

ಮೊದಲು ಎರಡೂ ಕಡತಗಳ ಪ್ರತಿ ತೆಗೆದಿಟ್ಟುಕೊಳ್ಳಿ. ಬಿಎಲ್‌ಕೆಐಡಿ ಆದೇಶದಿಂದ ಹೊಸ ಸ್ವಾಪ್‌ನ ಯುಯುಐಡಿ ಪಡೆದು ಎರಡೂ ಕಡೆ ಹಳೆಯದರ ಜಾಗದಲ್ಲಿ ಅಂಟಿಸಿ. ಅದನ್ನು ಕೈಯಿಂದ ಟೈಪ್ ಮಾಡಬೇಡಿ, ಒಂದಕ್ಷರ ತಪ್ಪಿದರೂ ಮತ್ತೆ ಇದೇ ಗೋಳು. ಎಫ್‌ಎಸ್‌ಟ್ಯಾಬ್‌ನ ರೂಟ್ ಸಾಲನ್ನು ಮುಟ್ಟಬೇಡಿ. ಕೊನೆಗೆ ಸೂಡೋ ಸಹಿತ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಆದೇಶವನ್ನು ಯು ಆಯ್ಕೆಯೊಂದಿಗೆ ಕೊಡಿ, ಬೂಟ್‌ನ ಮೊದಲ ಹಂತದ ಕಡತಕ್ಕೆ ಹೊಸ ಗುರುತು ಸೇರುವುದು ಇದರಿಂದಲೇ. ಇದನ್ನು ಮರೆತರೆ ತೊಂಬತ್ತು ಸೆಕೆಂಡು ಹೋದರೂ ಮೂವತ್ತು ಸೆಕೆಂಡು ಹಾಗೆಯೇ ಉಳಿಯುತ್ತದೆ.

ಪ್ರಶ್ನೆ ಕೇಳಿದವರು

ನೀವು ಹೇಳಿದಂತೆಯೇ ಎರಡೂ ಕಡತಗಳಲ್ಲಿ ಹಳೆಯ ಗುರುತು ಇತ್ತು. ಬದಲಾಯಿಸಿದ ಮೇಲೆ ಕರ್ನಲ್‌ಗೆ 5 ಸೆಕೆಂಡು, ಯೂಸರ್‌ಸ್ಪೇಸ್‌ಗೆ 9 ಸೆಕೆಂಡು. ಗುಂಡಿ ಒತ್ತಿದಲ್ಲಿಂದ ಗಡಿಯಾರ ಹಿಡಿದು ನೋಡಿದೆ, 26 ಸೆಕೆಂಡಿಗೆ ಡೆಸ್ಕ್‌ಟಾಪ್ ಬಂತು. ನಿಮ್ಮ ಉಪಕಾರ ದೊಡ್ಡದು. ಹಳೆಯ ಹಾರ್ಡ್ ಡಿಸ್ಕನ್ನು ಯುಎಸ್‌ಬಿ ಪೆಟ್ಟಿಗೆಗೆ ಹಾಕಿ ಬ್ಯಾಕಪ್‌ಗೆ ಬಳಸಬೇಕೆಂದಿದ್ದೇನೆ.

ಮೂರನೆಯ ಉತ್ತರ

ಅದಕ್ಕೂ ಮುನ್ನ ಒಂದು ಎಚ್ಚರಿಕೆ. ಹಳೆಯ ಡಿಸ್ಕಿನ ರೂಟ್ ಪಾರ್ಟಿಷನ್‌ಗೂ ಹೊಸದಕ್ಕೂ ಈಗ ಒಂದೇ ಯುಯುಐಡಿ ಇದೆ. ಅದನ್ನು ಜೋಡಿಸಿಟ್ಟು ಬೂಟ್ ಮಾಡಿದರೆ ಯಂತ್ರ ಹಳೆಯದರಿಂದಲೇ ಆರಂಭವಾಗಿಬಿಡಬಹುದು, ಮತ್ತು ಅಂದು ನೀವು ಬರೆದ ಟಿಪ್ಪಣಿಗಳು ನಿಮಗೇ ತಿಳಿಯದೆ ಹಳೆಯ ಡಿಸ್ಕಿನಲ್ಲಿ ಉಳಿಯುತ್ತವೆ. ಲ್ಯಾಪ್‌ಟಾಪ್ ಪೂರ್ತಿ ತೆರೆದುಕೊಂಡ ಮೇಲೆ ಪೆಟ್ಟಿಗೆಯನ್ನು ಜೋಡಿಸಿ, ಜಿಪಾರ್ಟೆಡ್‌ನಲ್ಲಿ ಹಳೆಯ ಪಾರ್ಟಿಷನ್‌ಗೆ ಹೊಸ ಯುಯುಐಡಿ ಕೊಡಿ. ಅದಕ್ಕೆ ಮೆನುವಿನಲ್ಲೇ ಆಯ್ಕೆ ಇದೆ. ವಾರಕ್ಕೊಮ್ಮೆ ನಡೆಯುವ ಎಫ್‌ಎಸ್‌ಟ್ರಿಮ್ ಟೈಮರ್ ಚಾಲೂ ಇದೆಯೇ ಎಂಬುದನ್ನೂ ನೋಡಿಕೊಳ್ಳಿ. ಅಳಿಸಿದ ಕಡತಗಳ ಜಾಗ ಖಾಲಿಯಾಗಿದೆಯೆಂದು ಎಸ್‌ಎಸ್‌ಡಿಗೆ ತಿಳಿಸುವ ಕೆಲಸ ಅದರದು.