ಪದಚರ್ಚೆ: ಒಂದೇ ‘ಪಾಚಿ’ ಬೆಳೆಯೂ ಹೌದು, ಕಳೆಯೂ ಹೌದು. ಏನು ಮಾಡುವುದು?

ಪ್ರಶ್ನೆ (ತೀರ್ಥಹಳ್ಳಿಯಿಂದ):

ಬಳಗಕ್ಕೆ ನಮಸ್ಕಾರ. ಮಲೆನಾಡಿನ ಬೆಳೆಗಾರರಿಗಾಗಿ ಸ್ಪಿರುಲಿನಾ (ತೊಟ್ಟಿಯಲ್ಲಿ ಬೆಳೆಸಿ, ಒಣಗಿಸಿ, ಪುಡಿ ಮಾಡಿ ತಿನ್ನುವ ಪಾಚಿ) ಸಾಕಣೆಯ ಕೈಪಿಡಿಯೊಂದು ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಕರಡಿನ ಒಂದು ಪುಟದಲ್ಲಿ ‘ಪಾಚಿ ದಟ್ಟವಾದಾಗ ಸೋಸಿ ತೆಗೆಯಿರಿ’ ಎಂದಿದೆ. ನಾಲ್ಕು ಪುಟ ದಾಟಿದರೆ ‘ತೊಟ್ಟಿಗೆ ಪಾಚಿ ಹತ್ತಿದರೆ ಖಾಲಿ ಮಾಡಿ ತೊಳೆಯಿರಿ’. ಓದಿದವರು ಬೆಳೆಯನ್ನೇ ಚರಂಡಿಗೆ ಚೆಲ್ಲಿಯಾರು. ಪಠ್ಯಪುಸ್ತಕದ ‘ಶೈವಲ’ ತೋಟದ ಮನೆಗಳಲ್ಲಿ ನಡೆಯುವ ಮಾತಲ್ಲ. ಬೆಳೆಗೆ ‘ಹಾವಸೆ’ ಆದೀತೇ? ಕಲ್ಚರ್, ಹಾರ್ವೆಸ್ಟ್, ಬಯೋಮಾಸ್, ಸ್ಲರಿ ಇವಕ್ಕೂ ಪದ ಬೇಕು.

ಉತ್ತರ 1 (ಸಾಗರದಿಂದ):

ಹಾವಸೆ ಖಂಡಿತ ಬೇಡ. ಮಳೆಗಾಲದಲ್ಲಿ ಅಂಗಳದ ಕಲ್ಲಿಗೂ ಬಾವಿಕಟ್ಟೆಗೂ ಕಟ್ಟುವುದು ಹಾವಸೆ. ಜಾರಿ ಬೀಳಿಸುವುದೇ ಅದರ ಹೆಗ್ಗಳಿಕೆ. ಅದನ್ನು ಕೆರೆಸಿ ತೆಗೆಯುತ್ತೇವೆ, ತಿನ್ನುವ ಯೋಚನೆ ಯಾರಿಗೂ ಬರುವುದಿಲ್ಲ. ಜೊತೆಗೆ ಶಾಲೆಯ ಪುಸ್ತಕಗಳು ‘ಹಾವಸೆ ಸಸ್ಯ’ ಎಂಬುದನ್ನು ಮಾಸ್‌ನಂಥ ಪುಟ್ಟ ಸಸ್ಯಗಳಾದ ಬ್ರಯೋಫೈಟುಗಳಿಗೆ ಕೊಟ್ಟಾಗಿದೆ. ಮಸಾಲೆಗೆ ಹಾಕುವ ಕಲ್ಲುಹೂವು ಮತ್ತೂ ಬೇರೆ, ಅದು ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಜೀವಿ.

ಒಟ್ಟು ಗುಂಪಿಗೆ ‘ಸೂಕ್ಷ್ಮಪಾಚಿ’ ಸಾಕು. ಪಾಚಿ ಎಂಬುದು ಪಚ್ಚೆ, ಹಸಿರುಗಳ ನಂಟಿನ ಪದವಾದರೂ ಬಣ್ಣಕ್ಕೆ ಅಂಜಬೇಕಿಲ್ಲ. ಬೀಟಾ ಕ್ಯಾರೊಟೀನ್‌ಗಾಗಿ ಉಪ್ಪುನೀರಿನಲ್ಲಿ ಬೆಳೆಸುವ ಡುನಾಲಿಯೆಲ್ಲಾ ಕಿತ್ತಳೆಗೆ ತಿರುಗುತ್ತದೆ, ಆಸ್ಟಾಕ್ಸಾಂಥಿನ್ ಎಂಬ ಕೆಂಪು ಬಣ್ಣ ಕೊಡುವ ಹೆಮಟೊಕಾಕಸ್ ಕೆಂಪಾಗುತ್ತದೆ. ವರ್ಗದಲ್ಲಿ ಎರಡೂ ಹಸಿರು ಪಾಚಿಗಳೇ.

ತೊಡಕಿರುವುದು ‘ನೀಲಿ-ಹಸಿರು ಪಾಚಿ’ಯಲ್ಲಿ. ಸ್ಪಿರುಲಿನಾ ಆ ಗುಂಪಿನದು. ವಿಜ್ಞಾನದ ಲೆಕ್ಕದಲ್ಲಿ ಅದು ಪಾಚಿಯೇ ಅಲ್ಲ, ಬ್ಯಾಕ್ಟೀರಿಯಾ. ಆದರೆ ಭತ್ತದ ಗದ್ದೆಯವರಿಗೆ ಈ ಹೆಸರು ಕೇಳಿದೊಡನೆ ನೆನಪಾಗುವುದು ನಾಟಿಯಾದ ವಾರ-ಹತ್ತು ದಿನಕ್ಕೆ ಹೆಕ್ಟೇರಿಗೆ 10 ಕಿಲೋದಂತೆ ಎರಚುವ ಜೈವಿಕ ಗೊಬ್ಬರ. ತಿನ್ನುವ ಪುಡಿಯ ಪೊಟ್ಟಣದ ಮೇಲೆ ಆ ಹೆಸರು ಬೇಡ. ಬೆಳೆಗೆ ಎಲ್ಲ ಕಡೆಯೂ ‘ಸ್ಪಿರುಲಿನಾ’ ಎಂದೇ ಬರೆಯಿರಿ. ಅಜೋಲಾ ಎಂಬ ಹೆಸರು ದನದ ಕೊಟ್ಟಿಗೆಯವರೆಗೆ ತಲುಪಿಲ್ಲವೇ, ಇದೂ ತಲುಪುತ್ತದೆ. ಬೇಡದೆ ಬಂದದ್ದು ‘ಕಳೆಪಾಚಿ’.

ಉತ್ತರ 2 (ಶಿವಮೊಗ್ಗದಿಂದ):

ಕಳೆಪಾಚಿಗೆ ನನ್ನದೂ ಒಪ್ಪಿಗೆ. ಆದರೆ ‘ಖಾಲಿ ಮಾಡಿ ತೊಳೆಯಿರಿ’ ಎಂಬ ಸಾಲನ್ನೇ ತಿದ್ದಬೇಕು. ಕಳೆ ಬರುವುದು ನೀರಿನ ಕ್ಷಾರ ಇಳಿದಾಗ. ಸ್ಪಿರುಲಿನಾ ಬೆಳೆಸುವ ಜರೂಕ್ ಎಂಬ ಪೋಷಕ ದ್ರಾವಣದಲ್ಲಿ ಲೀಟರಿಗೆ 16.8 ಗ್ರಾಂ ಅಡುಗೆಸೋಡಾ ಇರುತ್ತದೆ, ಹುಳಿ-ಕ್ಷಾರದ ಅಳತೆಯಾದ ಪಿಎಚ್ 9.5ರಿಂದ 10.5ರೊಳಗಿದ್ದರೆ ಹೆಚ್ಚಿನ ಕಳೆಗಳು ತಲೆ ಎತ್ತುವುದಿಲ್ಲ. ಈಗ ಮಲೆನಾಡಿನ ಮಳೆ ನೆನೆಸಿಕೊಳ್ಳಿ: 20 ಸೆಂ.ಮೀ. ನೀರಿರುವ ತೆರೆದ ತೊಟ್ಟಿಗೆ 100 ಮಿ.ಮೀ. ಮಳೆ ಬಿದ್ದರೆ ನೀರು 30 ಸೆಂ.ಮೀ. ಆಗಿ, ಸೋಡಾ ಲೀಟರಿಗೆ 11.2 ಗ್ರಾಂಗೆ ಇಳಿಯುತ್ತದೆ. ಹೀಗೆ ತೆಳುವಾದ ನೀರಿಗೆ ಕ್ಲೋರೆಲ್ಲಾ ಎಂಬ ಕಳೆಪಾಚಿ ಸುಲಭವಾಗಿ ನುಗ್ಗುತ್ತದೆ. ಮೇಲೆ ಪಾರದರ್ಶಕ ಹೊದಿಕೆ ಹಾಕದೆ ಇಲ್ಲಿ ಮಳೆಗಾಲ ದಾಟುವುದು ಕಷ್ಟ.

ಕಳೆ ಬಂದ ಮೇಲೂ ಎಲ್ಲವನ್ನೂ ಚೆಲ್ಲಬೇಕಿಲ್ಲ. ಕ್ಲೋರೆಲ್ಲಾ ಕಣ ಹತ್ತು ಮೈಕ್ರಾನಿಗೂ (ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು) ಸಣ್ಣದು, ಸ್ಪಿರುಲಿನಾ ಸುರುಳಿಯೆಳೆ. 30–50 ಮೈಕ್ರಾನ್ ಕಣ್ಣಿನ ಬಟ್ಟೆಯಲ್ಲಿ ಸೋಸಿದರೆ ಎಳೆ ಮೇಲೆ ನಿಲ್ಲುತ್ತದೆ, ಕಳೆ ನೀರಿನೊಂದಿಗೆ ಇಳಿದುಹೋಗುತ್ತದೆ. ಇಳಿದ ನೀರನ್ನು ಚೆಲ್ಲಿ, ಎಳೆಯನ್ನು ಹೊಸ ದ್ರಾವಣಕ್ಕೆ ಬಿಡಬಹುದು. ಹಾಗಾಗಿ ಹಾರ್ವೆಸ್ಟಿಗೆ ‘ಸೋಸುವುದು’ ಎಂದೇ ಇರಲಿ. ‘ಕೊಯ್ಲು’ ಎಂದರೆ ಗದ್ದೆ ಬರಿದಾದಂತೆ, ಇಲ್ಲಿ ಹಾಗೆ ಮಾಡಿದರೆ ಕೆಟ್ಟಿತು. ಬಿಳಿ ಬಿಲ್ಲೆ ಕಟ್ಟಿದ ಕೋಲು 2–3 ಸೆಂ.ಮೀ. ಆಳಕ್ಕೇ ಕಾಣದಾದರೆ ಸೋಸುವ ಹದ. ಆಗಲೂ ಒಂದು ಪಾಲು ತೆಗೆದು ಉಳಿದದ್ದನ್ನು ಬಿಡಬೇಕು.

ನೀವು ಕೇಳಿದ ಕಲ್ಚರ್ ಆ ಉಳಿದದ್ದೇ, ಅದಕ್ಕೆ ‘ಹೆಪ್ಪು’ ಎನ್ನಿ. ಮೊಸರಿನ ಹೆಪ್ಪು ಗೊತ್ತಿದ್ದವರಿಗೆ ವಿವರಣೆಯೇ ಬೇಡ. ಒಂದು ವ್ಯತ್ಯಾಸ ಮಾತ್ರ ಬರೆಯಬೇಕು: ಹಾಲಿಗೆ ಒಂದು ಚಮಚ ಹೆಪ್ಪು ಸಾಕು, ಇಲ್ಲಿ ಸಾಲದು. ಹೊಸ ದ್ರಾವಣದ ನಾಲ್ಕೈದು ಪಾಲಿಗೆ ಒಂದು ಪಾಲು ಹೆಪ್ಪು ಹಾಕುತ್ತ ಹಂತಹಂತವಾಗಿ ಬೆಳೆಸಬೇಕು, ಮೊದಲ ದಿನಗಳಲ್ಲಿ ನೆರಳು ಕಟ್ಟಬೇಕು. ತೆಳುವಾದ ಹೆಪ್ಪಿಗೆ ನೇರ ಬಿಸಿಲು ಬಿದ್ದರೆ ಬಣ್ಣ ಕಳೆದುಕೊಂಡು ಹಳದಿಗೆ ತಿರುಗಿ ಸಾಯುತ್ತದೆ.

ಬಯೋಮಾಸಿಗೆ ‘ಜೀವರಾಶಿ’ ಬೇಡ. ಆನೆಯಿಂದ ಇರುವೆಯವರೆಗಿನದೆಲ್ಲ ಅದರಲ್ಲಿ ಬಂದುಹೋಯಿತು. ಬಟ್ಟೆಯ ಮೇಲಿರುವುದು ‘ಹಸಿ ಮುದ್ದೆ’, ಅಳೆಯುವಾಗ ‘ಒಣತೂಕ’. ಸ್ಲರಿಗೆ ‘ಬಗ್ಗಡ’ ಸರಿಯಾದ ಕನ್ನಡವೇ, ಆದರೆ ಗೋಬರ್ ಗ್ಯಾಸಿನ ಗುಂಡಿ ಕಣ್ಮುಂದೆ ಬರುತ್ತದೆ. ತಿನ್ನುವ ಪದಾರ್ಥಕ್ಕೆ ‘ಗಟ್ಟಿನೀರು’ ಎನ್ನಬಹುದೇನೋ, ನನಗೇ ಪೂರ್ತಿ ಒಪ್ಪಿಗೆಯಿಲ್ಲ.

ಹಸಿ ಮುದ್ದೆಯ ನೀರು ತೆಗೆಯುವುದಕ್ಕೆ ‘ಹಿಂಡು’ ಎಂಬ ಕ್ರಿಯಾಪದ ಬಳಸುವಲ್ಲಿ ಎಚ್ಚರ. ಒದ್ದೆ ಪಂಚೆ ಹಿಂಡಿದಂತೆ ತಿರುಚಿದರೆ ಕೋಶ ಒಡೆದು ಫೈಕೊಸಯನಿನ್ ಎಂಬ ನೀಲಿ ಬಣ್ಣ ನೀರಿನ ಪಾಲಾಗುತ್ತದೆ. ಒಸರುವ ನೀರು ನೀಲಿಯಾದರೆ ಕೈ ತಡೆಯಿರಿ. ‘ಒತ್ತಿ’ ಎಂದು ಬರೆಯುವುದು ಒಳ್ಳೆಯದು. ಒಣಗಿಸುವಾಗ ಬಿಸಿ 60 ಡಿಗ್ರಿ ದಾಟಬಾರದು. ಮಳೆಗಾಲದಲ್ಲಿ ಅಡಿಕೆಯ ಡ್ರೈಯರಿಗೇ ಹಾಕೋಣ ಎನ್ನುವವರಿದ್ದಾರೆ. ಹೊಗೆ ತಾಗಿದರೆ ಪುಡಿಗೆ ಆ ವಾಸನೆ ಹತ್ತುತ್ತದೆ.

ಮರುಪ್ರಶ್ನೆ (ತೀರ್ಥಹಳ್ಳಿಯಿಂದ):

ಕಳೆಪಾಚಿ, ಹೆಪ್ಪು, ಹಸಿ ಮುದ್ದೆ ಮೂರನ್ನೂ ಕರಡಿಗೆ ಸೇರಿಸಿದ್ದಾಯಿತು. ಇನ್ನೊಂದು ಉಳಿದಿದೆ: ಕಲಕದೆ ಬಿಟ್ಟಾಗ ನೀರಿನ ಮೇಲೆ ತೇಲಿ ನಿಲ್ಲುವ ಹಸಿರು ಪದರಕ್ಕೆ ‘ಕೆನೆ’ ಎನ್ನಬಹುದೇ, ಅಥವಾ ‘ನೊರೆ’ಯೇ?

ಉತ್ತರ 2ರವರಿಂದ:

ನೊರೆ ಬೇರೆ, ಅದರಲ್ಲಿ ಗುಳ್ಳೆಯಿರುತ್ತದೆ. ನೀವು ಹೇಳಿದ್ದು ಕೆನೆಯೇ: ಸ್ಪಿರುಲಿನಾ ಕೋಶದೊಳಗಿನ ಗಾಳಿಕೋಶಗಳಿಂದ ಎಳೆ ಮೇಲೆದ್ದು ಕಟ್ಟುವ ಪದರ. ‘ಕೆನೆ ಕಟ್ಟಲು ಬಿಡಬೇಡಿ, ಹಗಲಲ್ಲಿ ಕಲಕುತ್ತಿರಿ, ಕಟ್ಟಿದ ಕೆನೆ ಬಿಸಿಲಿಗೆ ಸುಟ್ಟುಹೋಗುತ್ತದೆ’ ಎಂದು ಬರೆಯಿರಿ.