ಮಗಳು ನರ್ಸಿಂಗ್ ಓದ್ತೀನಿ ಅಂತಾಳೆ, ಮನೆಯವರೆಲ್ಲ ಬೇಡ ಅಂತಾರೆ. ಏನು ಮಾಡಲಿ?

ಕಾರಟಗಿ_ಅಪ್ಪ:

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆ ಕಾರಟಗಿ ಕಡೆಯವನು. ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಮಗಳು ಈ ವರ್ಷ ಪಿಯುಸಿ ಸೈನ್ಸ್ ಮುಗಿಸಿದಳು. ಬಿಎಸ್ಸಿ ನರ್ಸಿಂಗ್ ಬಿಟ್ಟು ಬೇರೇನೂ ಬೇಡ ಅಂತ ಹಟ ಹಿಡಿದಿದ್ದಾಳೆ.

ಮನೆಯಲ್ಲಿ ಒಬ್ಬರೂ ಒಪ್ಪುತ್ತಿಲ್ಲ. ಗಂಗಾವತಿಯಲ್ಲಿರುವ ನನ್ನ ಹೆಂಡತಿಯ ತಮ್ಮ, "ರಾತ್ರಿ ಡ್ಯೂಟಿ ಮಾಡೋ ಹುಡುಗೀನ ಯಾರು ಮಾಡ್ಕೊಳ್ತಾರ ಮಾವಾ" ಅಂತಾನೆ. ನಮ್ಮಕ್ಕ, "ಮಂದಿ ಹೇಲು ಉಚ್ಚಿ ಬಳಿಯೋ ಕೆಲಸ ನಮ್ಮ ಹುಡುಗಿಗೆ ಯಾಕ" ಅಂತಾಳೆ. ಓಣಿಯವರು, ಡಾಕ್ಟರ್ ಆಗಲಿಕ್ಕೆ ಆಗಲಿಲ್ಲ ಅಂತ ನರ್ಸ್ ಆಗ್ತಾಳೆ ಅಂತ ಮಾತಾಡಿಕೊಳ್ತಾರೆ. ಮಗಳು ನೀಟ್ ಬರೆಯಲೇ ಇಲ್ಲ. ಅವಳಿಗೆ ಬೇಕಾಗಿದ್ದೇ ಇದು.

ಒಂದು ವಿಷಯ ಮುಚ್ಚಿಡದೆ ಹೇಳುತ್ತೇನೆ. ಹೋದ ವರ್ಷ ನಮ್ಮ ಅವ್ವನಿಗೆ ವಾಂತಿಭೇದಿ ಆಗಿ ಆಸ್ಪತ್ರೆಗೆ ಸೇರಿಸಿದ್ದೆವು. ಅವ್ವನಿಗೆ 72 ವರ್ಷ, ಹೃದಯದ ತೊಂದರೆ ಮೊದಲಿನಿಂದಲೂ ಇದೆ. ಸಲೈನ್ ತೀರಾ ನಿಧಾನವಾಗಿ ಬೀಳುತ್ತಿತ್ತು. ಬೇಗ ಮುಗಿಯಲಿ ಅಂತ ನಾನೇ ಪೈಪಿನ ಗಾಲಿ ತಿರುಗಿಸಿ ಜೋರು ಮಾಡಿದೆ. ನರ್ಸ್ ಬಂದು ನೋಡಿ ಸಿಟ್ಟಾದರು. ಮತ್ತೆ ಕಮ್ಮಿ ಮಾಡಿ, ಒಮ್ಮೆ ಬಾಟ್ಲಿ, ಒಮ್ಮೆ ವಾಚು ನೋಡುತ್ತಾ ನಿಂತರು. "ಟೈಮ್ ನೋಡ್ಕೊಂಡು ನಿಲ್ಲೋದು ಬಿಟ್ಟು ಕೆಲಸ ಮಾಡಿ, ನೀವೇನು ಡಾಕ್ಟರಾ" ಅಂತ ವಾರ್ಡಿನ ಎಲ್ಲರೆದುರು ಕೂಗಾಡಿದೆ. ಮಗಳು ಪಕ್ಕದಲ್ಲೇ ಇದ್ದಳು. ಅವಳಿಗೆ ಈ ಆಸೆ ಹುಟ್ಟಿದ್ದು ಆ ಐದು ದಿನದಲ್ಲಿ. "ನೀನು ಬೈದೆಯಲ್ಲ ಅಪ್ಪಾ, ಆ ಸಿಸ್ಟರ್ ಥರ ಆಗಬೇಕು" ಅಂತಾಳೆ.

ಈ ಕೆಲಸದಲ್ಲಿ ಇರುವವರು ದಯವಿಟ್ಟು ಹೇಳಿ. ನರ್ಸ್ ಕೆಲಸ ನಿಜವಾಗಿ ಏನು? ಮರ್ಯಾದೆ ಇದೆಯಾ? ಮದುವೆಗೆ ತೊಂದರೆ ಆಗುತ್ತಾ?

ಬಳ್ಳಾರಿ_ಸಿಸ್ಟರ್:

ಅಣ್ಣಾ, ನಾನು ಬಳ್ಳಾರಿಯವಳು. 19 ವರ್ಷದಿಂದ ಸ್ಟಾಫ್ ನರ್ಸ್. ಮೊದಲು ಆ ವಾಚಿನ ವಿಷಯ ಹೇಳಿಬಿಡುತ್ತೇನೆ. ಆ ಸಿಸ್ಟರ್ ಟೈಮ್ ನೋಡುತ್ತಿರಲಿಲ್ಲ. ಹನಿ ಎಣಿಸುತ್ತಿದ್ದರು.

ಸಲೈನ್ ಸೆಟ್ಟಿನ ಪ್ಯಾಕೆಟ್ ಮೇಲೆ ಒಂದು ಎಂಎಲ್‌ಗೆ ಎಷ್ಟು ಹನಿ ಅಂತ ಅಚ್ಚು ಹಾಕಿರುತ್ತಾರೆ. ದೊಡ್ಡವರ ಸೆಟ್ಟಿಗೆ ಸಾಮಾನ್ಯವಾಗಿ 20. ಮಕ್ಕಳಿಗೆ ಹಾಕುವ ಮೈಕ್ರೋ ಸೆಟ್ಟಿಗೆ 60. ಡಾಕ್ಟರು 500 ಎಂಎಲ್ ಬಾಟ್ಲಿ 6 ಗಂಟೆಯಲ್ಲಿ ಹೋಗಲಿ ಅಂತ ಬರೆದರು ಅಂತಿಟ್ಟುಕೊಳ್ಳಿ. ಒಟ್ಟು 10,000 ಹನಿ, 360 ನಿಮಿಷ. ನಿಮಿಷಕ್ಕೆ 28 ಹನಿ ಹತ್ತಿರ ಬರುತ್ತೆ. ನೀವು ಲೆಕ್ಕ ಬರೆಯುವವರು, ನಿಮಗೆ ಬೇಗ ಗೊತ್ತಾಗುತ್ತೆ. ಸೆಕೆಂಡ್ ಮುಳ್ಳು ನೋಡಿಕೊಂಡು ಆ 28 ಹನಿ ಹೊಂದಿಸೋದು ನರ್ಸ್ ಕೆಲಸ. ಪೇಷಂಟ್ ಕೈ ಮಡಚಿದರೆ, ಮಗ್ಗುಲು ಬದಲಿಸಿದರೆ ಲೆಕ್ಕ ತಪ್ಪುತ್ತೆ. ಮತ್ತೆ ಬಂದು ಎಣಿಸಬೇಕು.

ಹೃದಯ ಸೋತ ವಯಸ್ಸಾದವರಿಗೆ ಅದೇ ನೀರು ಜೋರಾಗಿ ಹೋದರೆ, ಹೃದಯಕ್ಕೆ ಅಷ್ಟನ್ನು ತಳ್ಳಲು ಆಗಲ್ಲ. ಶ್ವಾಸಕೋಶದಲ್ಲಿ ನೀರು ನಿಲ್ಲುತ್ತೆ. ಮಲಗಲಾರದೆ ಎದ್ದು ಕೂತು ಉಸಿರಿಗೆ ಒದ್ದಾಡುತ್ತಾರೆ. ವಾಂತಿಭೇದಿಯವರ ಬಾಟ್ಲಿಗೆ ಕೆಲವು ಸಲ ಪೊಟ್ಯಾಶಿಯಂ ಹಾಕಿರುತ್ತೇವೆ. ಅದು ಜೋರಾಗಿ ಒಳಗೆ ಹೋದರೆ ಹೃದಯವೇ ನಿಲ್ಲಬಹುದು. ನಿಮಗೆ ಬೇಜಾರು ಮಾಡಲು ಹೇಳುತ್ತಿಲ್ಲ ಅಣ್ಣಾ. ಅವರಿಗೆ ಯಾಕೆ ಅಷ್ಟು ಸಿಟ್ಟು ಬಂತು ಅಂತ ನಿಮಗೆ ತಿಳಿಯಲಿ ಅಂತ.

ಜನ ಏನಂದುಕೊಂಡಿದ್ದಾರೆ ಅಂದರೆ, ಡಾಕ್ಟರ್ ಹೇಳ್ತಾರೆ, ನರ್ಸಮ್ಮ ಸೂಜಿ ಚುಚ್ಚುತ್ತಾಳೆ, ಅಷ್ಟೇ. ಡಾಕ್ಟರು ರೌಂಡ್ಸ್ ಮುಗಿಸಿ ಹೋದ ಮೇಲೆ ಉಳಿದ ಹೊತ್ತು ಪೇಷಂಟನ್ನು ನೋಡುತ್ತಿರೋದು ಯಾರು? ಒಂದು ರಾತ್ರಿಯ ವಿಷಯ ಹೇಳುತ್ತೇನೆ. ಆಗ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದೆ, ಹೆರಿಗೆ ವಾರ್ಡು. ಒಬ್ಬ ತಾಯಿಗೆ ಹೆರಿಗೆಯಾಗಿ ಒಂದು ಗಂಟೆ ಆಗಿತ್ತು. ಮಗು ಚೆನ್ನಾಗಿತ್ತು. ಅತ್ತೆ ಹೊರಗೆ ಫೋನಿನಲ್ಲಿ ಊರಿಗೆಲ್ಲ ಸುದ್ದಿ ಹೇಳುತ್ತಿದ್ದರು. ತಾಯಿ ಕಣ್ಣು ಮುಚ್ಚಿ ಮಲಗಿದ್ದಳು. ನೋಡಿದವರು ಸುಸ್ತಾಗಿ ನಿದ್ದೆ ಹೋಗಿದ್ದಾಳೆ ಅನ್ನಬೇಕು. ನಾನು ಹೊದಿಕೆ ಎತ್ತಿ ಹೊಟ್ಟೆ ಮುಟ್ಟಿದೆ. ಹೆರಿಗೆ ಆದ ಮೇಲೆ ಗರ್ಭಕೋಶ ತೆಂಗಿನಕಾಯಿ ಹಾಗೆ ಗಟ್ಟಿ ಸಿಗಬೇಕು. ಅವಳದು ಕಲಸಿದ ಹಿಟ್ಟಿನ ಹಾಗೆ ಮೆತ್ತಗಿತ್ತು. ಕೆಳಗಿನ ಬಟ್ಟೆ ರಕ್ತದಲ್ಲಿ ಪೂರ್ತಿ ತೊಯ್ದಿತ್ತು. ನಾಡಿ ಓಡುತ್ತಿತ್ತು. ಡಾಕ್ಟರು ಆಪರೇಷನ್ ಥಿಯೇಟರಿನಲ್ಲಿ ಇನ್ನೊಂದು ಸಿಸೇರಿಯನ್ ಮಾಡುತ್ತಿದ್ದರು. ಆಯಾಳನ್ನು ಅವರ ಹತ್ತಿರ ಓಡಿಸಿ, ನಾನು ಹೊಟ್ಟೆ ನೀವಲು ಶುರುಮಾಡಿದೆ. ಒಂದು ಕೈ ಬಿಡದೆ ಇನ್ನೊಂದು ಕೈಯಲ್ಲಿ ಸಲೈನಿನ ಗಾಲಿ ಪೂರ್ತಿ ತೆಗೆದೆ. ಹೌದು, ಅವತ್ತು ಜೋರಾಗಿಯೇ ಬಿಡಬೇಕಿತ್ತು. ಡಾಕ್ಟರು ಥಿಯೇಟರಿನಿಂದಲೇ ಹೇಳಿ ಕಳಿಸಿದ ಇಂಜೆಕ್ಷನ್ ಕೊಟ್ಟೆ. ಅವರು ಬರುವಷ್ಟರಲ್ಲಿ ಗರ್ಭಕೋಶ ನನ್ನ ಕೈಯ ಕೆಳಗೆ ಗಟ್ಟಿಯಾಗುತ್ತಾ ಬಂತು. ಆ ಗಟ್ಟಿ ಈಗಲೂ ನನ್ನ ಅಂಗೈಗೆ ನೆನಪಿದೆ.

ಆ ರಾತ್ರಿ ವಾರ್ಡಿನಲ್ಲಿ ನಾನೊಬ್ಬಳೇ ನರ್ಸ್. 26 ಜನ ಪೇಷಂಟ್‌ಗಳು. ಹತ್ತು ನಿಮಿಷ ತಡವಾಗಿ ಆ ಹಾಸಿಗೆಗೆ ಹೋಗಿದ್ದರೆ? ನನಗೆ ಸಂಕಟ ಆಗೋದು ಇಲ್ಲಿ ಅಣ್ಣಾ. ಯಾರೂ ಥ್ಯಾಂಕ್ಸ್ ಹೇಳಲಿಲ್ಲ ಅಂತ ಅಲ್ಲ. ನರ್ಸ್ ಅಂದರೆ ಸೂಜಿ ಚುಚ್ಚುವವಳು ಅಂತ ತಿಳಿದ ಮೇಲೆ, 26 ಜನರಿಗೆ ಒಬ್ಬಳು ಸಾಕು ಅಂತಲೇ ಅನಿಸುತ್ತೆ. ಬೆಡ್ ಎಷ್ಟಿದೆ, ಎಸಿ ಇದೆಯಾ ಅಂತ ಜನ ಕೇಳ್ತಾರೆ. ರಾತ್ರಿ ಎಷ್ಟು ಜನ ನರ್ಸ್ ಇರ್ತಾರೆ ಅಂತ ನನ್ನನ್ನು ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ನಮ್ಮನ್ನು ಕೀಳಾಗಿ ನೋಡಿದ್ದರ ಪೆಟ್ಟು ಕೊನೆಗೆ ಬೀಳೋದು ಪೇಷಂಟ್ ಮೇಲೆ.

ನರ್ಸ್ ಸಿಡುಕ್ತಾರೆ ಅನ್ನೋದು ಸುಳ್ಳಲ್ಲ. ನಾನೂ ಸಿಡುಕಿದ್ದೇನೆ. ಹೆರಿಗೆ ನೋವಿನಲ್ಲಿ ಕಿರುಚುವ ಹುಡುಗಿಗೆ ಒಮ್ಮೆ ಗದರಿದ್ದೆ. ಅದು ತಪ್ಪು. ಎಷ್ಟು ಸುಸ್ತಾಗಿದ್ದರೂ ತಪ್ಪೇ. ಅವಳ ಮುಖ ಇನ್ನೂ ಮರೆತಿಲ್ಲ. ಹಾಗೇ ನಮ್ಮನ್ನು ದೇವತೆ ಅನ್ನೋದೂ ಬೇಡ. 2020ರಲ್ಲಿ ಚಪ್ಪಾಳೆ ತಟ್ಟಿದರಲ್ಲ, ಅದೇ ತಿಂಗಳುಗಳಲ್ಲಿ ನಾನಿದ್ದ ಮನೆಯ ಓನರ್ ನೀರಿನ ನಲ್ಲಿ ಮುಟ್ಟಬೇಡ ಅಂದರು. ಬಳ್ಳಾರಿ ಬಿಸಿಲಿನಲ್ಲಿ ಪಿಪಿಇ ಕಿಟ್ ಹಾಕಿಕೊಂಡು ಡ್ಯೂಟಿ ಮುಗಿಸಿ ಬಂದು, ಆಸ್ಪತ್ರೆಯಿಂದ ತಂದ ಕ್ಯಾನ್ ನೀರಿನಲ್ಲಿ ಅಡಿಗೆ ಮಾಡಿದ್ದೇನೆ. ದೇವತೆಗೆ ಹಸಿವು, ಬಾಡಿಗೆ, ಸಂಬಳ ಯಾವುದೂ ಬೇಡ ಅಲ್ವಾ? ನಮಗೆ ಬೇಕು.

ನಿಮ್ಮಕ್ಕ ಹೇಳಿದ ಮಾತಿಗೂ ಉತ್ತರ ಕೊಡುತ್ತೇನೆ. ಹೌದು, ಮಲಮೂತ್ರ ಬಳಿಯುತ್ತೇವೆ. ಬಳಿಯುವಾಗ ನೋಡುತ್ತೇವೆ. ಮಲ ಡಾಂಬರಿನ ಹಾಗೆ ಕಪ್ಪಗಿದ್ದರೆ ಹೊಟ್ಟೆಯೊಳಗೆ ರಕ್ತ ಹೋಗುತ್ತಿರಬಹುದು. ಮೂತ್ರ ಕಮ್ಮಿಯಾದರೆ ಕಿಡ್ನಿಗೆ ಏನೋ ಆಗಿರಬಹುದು. ಬಟ್ಟೆ ಬದಲಿಸುವಾಗಲೇ ಬೆನ್ನಿನ ಕೆಳಗೆ ಚರ್ಮ ಕೆಂಪಾಗಿದ್ದು ಕಾಣೋದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಅಲ್ಲಿ ಹುಣ್ಣಾಗುತ್ತೆ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಅವರೂ ನರ್ಸ್. 1973ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಅವರ ಮೇಲೆ ಹಲ್ಲೆ ನಡೆದು, ಮಿದುಳಿಗೆ ಪೆಟ್ಟಾಗಿ ಹಾಸಿಗೆ ಹಿಡಿದ ಮೇಲೆ, 2015ರಲ್ಲಿ ತೀರಿಕೊಳ್ಳುವ ತನಕ, ಸುಮಾರು 42 ವರ್ಷ ಅಲ್ಲಿನ ನರ್ಸ್‌ಗಳೇ ನೋಡಿಕೊಂಡರು. ಒಂದು ತಲೆಮಾರಿನವರು ನಿವೃತ್ತಿಯಾದರು, ಮುಂದಿನವರು ಬಂದರು, ಆರೈಕೆ ನಿಲ್ಲಲಿಲ್ಲ. ಇದನ್ನು ನಿಮ್ಮಕ್ಕನಿಗೆ ಓದಿ ಹೇಳಿ.

ಸಿಂಧನೂರು_ಹಿರಿಯ:

ಮದುವೆ ಬಗ್ಗೆ ಕೇಳಿದ್ದೀರಿ. ನಾನು ಹುಡುಗನ ಕಡೆಯವನಾಗಿ ಹೇಳುತ್ತೇನೆ. ಮೂರು ವರ್ಷದ ಹಿಂದೆ ನನ್ನ ಮಗನಿಗೆ ಒಂದು ನರ್ಸ್ ಹುಡುಗಿ ನೋಡಿದ್ದೆವು. ಒಳ್ಳೆಯ ಮನೆತನ, ಹುಡುಗನಿಗೂ ಒಪ್ಪಿಗೆ. ನಮ್ಮ ಮನೆಯ ಹೆಂಗಸರು ನೈಟ್ ಡ್ಯೂಟಿ ಅಂತ ಹಿಂದೆ ಸರಿದರು. ನಾನೂ ಸುಮ್ನೆ ಇದ್ದುಬಿಟ್ಟೆ. ಈಗ ಅದು ಸರಿ ಅನಿಸಲ್ಲ. ಆದರೆ ಇಂಥ ಮಾತು ನಮ್ಮ ಕಡೆ ಇದೆ. ಇಲ್ಲ ಅಂದರೆ ನಿಮಗೆ ಸುಳ್ಳು ಹೇಳಿದ ಹಾಗೆ.

ಬಳ್ಳಾರಿ_ಸಿಸ್ಟರ್:

ಹಿರಿಯರೇ, ನಿಜ ಹೇಳಿದ್ದಕ್ಕೆ ನಿಮ್ಮ ಮೇಲೆ ಗೌರವ ಬಂತು. ನನಗೂ ಎರಡು ಸಂಬಂಧ ಹಾಗೇ ತಪ್ಪಿದವು. ಸರ್ಕಾರಿ ಕೆಲಸ ಸಿಕ್ಕ ಮೇಲೆ ಅದೇ ನೈಟ್ ಡ್ಯೂಟಿ ಯಾರಿಗೂ ಅಡ್ಡಿ ಆಗಲಿಲ್ಲ. ನನ್ನ ಗಂಡ ಬಸ್ ಕಂಡಕ್ಟರ್. ಅವರೂ ನೈಟ್ ಔಟ್ ಹೋಗ್ತಾರೆ. ಅವರ ನಡತೆ ಬಗ್ಗೆ ಇಲ್ಲಿ ತನಕ ಯಾರೂ ಕೇಳಿಲ್ಲ.

ಡಯಾಲಿಸಿಸ್_ರಾಯಚೂರು:

ಸರ್, ನಾನು ಗಂಡು ನರ್ಸ್. ಊರು ಲಿಂಗಸುಗೂರು ಹತ್ತಿರ, ಡಯಾಲಿಸಿಸ್ ಘಟಕದಲ್ಲಿ ಕೆಲಸ. ಆಸ್ಪತ್ರೆಯಲ್ಲಿ ಬ್ರದರ್ ಅಂತಾರೆ, ಊರಲ್ಲಿ ಕಾಂಪೌಂಡರ್ ಅಂತಾರೆ. ನಮ್ಮಪ್ಪ ನೆಂಟರ ಮುಂದೆ "ದವಾಖಾನ್ಯಾಗ ಅದಾನ" ಅಂತ ಅಲ್ಲಿಗೇ ಮಾತು ನಿಲ್ಲಿಸುತ್ತಿದ್ದರು. ನರ್ಸ್ ಅನ್ನಲು ಅವರಿಗೆ ಬಾಯಿ ಬರುತ್ತಿರಲಿಲ್ಲ.

ಡಯಾಲಿಸಿಸ್ ಪೇಷಂಟ್ ವಾರಕ್ಕೆ ಎರಡು ಮೂರು ಸಲ ಬರ್ತಾರೆ, ಪ್ರತಿ ಸಲ ಸುಮಾರು 4 ಗಂಟೆ. ಸೂಜಿ ಹಾಕುವ ಮೊದಲು ಆಪರೇಷನ್ ಮಾಡಿ ಅವರ ಕೈಯ ಎರಡು ರಕ್ತನಾಳ ಜೋಡಿಸಿದ ಜಾಗ, ಅಂದರೆ ಫಿಸ್ಟುಲಾ ಮೇಲೆ ಬೆರಳಿಟ್ಟು ನೋಡಬೇಕು. ಒಳಗೆ ಝುಮ್ ಅಂತ ಅದುರುತ್ತೆ. ಅದುರದಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಕೂಡಲೇ ಡಾಕ್ಟರಿಗೆ ಹೇಳಬೇಕು. ಮಾನ್ವಿಯಿಂದ ಬರುವ ಒಬ್ಬ ಅಜ್ಜಿ ಮೊದಲ ವಾರ ನನ್ನಿಂದ ಸೂಜಿ ಹಾಕಿಸಿಕೊಳ್ಳಲು ಒಪ್ಪಲಿಲ್ಲ. ಸರಿ ಅಂತ ಸಿಸ್ಟರನ್ನೇ ಕರೆದೆ. ಪೇಷಂಟ್ ಇಷ್ಟ ದೊಡ್ಡದು. ಈಗ ಎರಡು ವರ್ಷ ಆಯಿತು, ನಾನು ರಜೆ ಹಾಕಿದರೆ ಅಜ್ಜಿ ಬೇಜಾರು ಮಾಡಿಕೊಳ್ತಾರೆ. ನಿಮ್ಮ ಮಗಳಿಗೆ ಕಣ್ಣು, ಬೆರಳು, ತಾಳ್ಮೆ ಇದ್ದರೆ ಸಾಕು ಸರ್. ಕಳಿಸಿ.

ಪಾಠದ_ಮೇಡಂ:

ನಾನು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕಳಿಸಿ, ಆದರೆ ಕಾಲೇಜು ನೋಡಿ ಕಳಿಸಿ. ಬಿಎಸ್ಸಿ 4 ವರ್ಷ, ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ 3 ವರ್ಷ. ಭಾರತೀಯ ನರ್ಸಿಂಗ್ ಕೌನ್ಸಿಲ್ ಮತ್ತು ರಾಜ್ಯ ಕೌನ್ಸಿಲ್ ಮಾನ್ಯತೆ ಇದೆಯಾ, ರಾಜೀವ್ ಗಾಂಧಿ ಆರೋಗ್ಯ ವಿವಿಗೆ ಸೇರಿದೆಯಾ ಅಂತ ನೋಡಿ. ಎಲ್ಲಕ್ಕಿಂತ ಹೆಚ್ಚಾಗಿ, ಮಕ್ಕಳು ಕಲಿಯುವ ಆಸ್ಪತ್ರೆ ಯಾವುದು ಅಂತ ಕೇಳಿ, ಹೋಗಿ ಕಣ್ಣಾರೆ ನೋಡಿ ಬನ್ನಿ. ಹಾಸಿಗೆ ಖಾಲಿ ಬಿದ್ದಿದ್ದರೆ ಅಲ್ಲಿ ಸೇರಿಸಬೇಡಿ. ಪಿಯುಸಿ ರಿಸಲ್ಟ್ ಬಂದ ಕೂಡಲೇ ಏಜೆಂಟರು ಫೋನ್ ಮಾಡ್ತಾರೆ. ಅವರ ಕೈಗೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡಬೇಡಿ. ಸಿಇಟಿ ಬರೆದಿದ್ದರೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಸೀಟು ಹಂಚಿಕೆಯ ಕೌನ್ಸೆಲಿಂಗ್ ಕಾಯಿರಿ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿಯ ಪ್ರಮಾಣಪತ್ರ ಮಾಡಿಸಿ ಇಟ್ಟುಕೊಳ್ಳಿ, ನಮ್ಮ ಭಾಗದ ಮಕ್ಕಳಿಗೆ ಸೀಟಿಗೂ ಉಪಯೋಗ, ಮುಂದೆ ಕೆಲಸಕ್ಕೂ ಉಪಯೋಗ. ಖಾಸಗಿ ಆಸ್ಪತ್ರೆಗಳಲ್ಲಿ ಶುರುವಿನ ಸಂಬಳ ಕಮ್ಮಿ. ಅದು ಮಗಳಿಗೆ ಈಗಲೇ ಗೊತ್ತಿರಲಿ.

ಕಾರಟಗಿ_ಅಪ್ಪ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಬಳ್ಳಾರಿ ಸಿಸ್ಟರ್ ಬರೆದಿದ್ದನ್ನು ರಾತ್ರಿ ಊಟ ಆದ ಮೇಲೆ ಮನೆಯಲ್ಲಿ ಜೋರಾಗಿ ಓದಿದೆ. 28 ಹನಿ ಲೆಕ್ಕ ಕೇಳಿ ಮಗಳು, ಆ ಸಿಸ್ಟರ್ ಅವತ್ತೇ ನನಗೆ ತೋರಿಸಿದ್ದರು ಅಂದಳು. ನಾನು ಕೂಗಾಡಿದ ಮೇಲೆ, ನಾನು ಚಹಾ ಕುಡಿಯಲು ಹೊರಗೆ ಹೋದಾಗ, ಅವಳನ್ನು ಪಕ್ಕ ಕರೆದು ಹೇಗೆ ಎಣಿಸೋದು ಅಂತ ಹೇಳಿಕೊಟ್ಟರಂತೆ. ಇಷ್ಟು ದಿನ ಮಗಳು ನನಗೆ ಇದನ್ನು ಹೇಳಿರಲಿಲ್ಲ.

ಅವ್ವ ಅಲ್ಲೇ ಮೂಲೆಯಲ್ಲಿ ಕೂತು ಕೇಳುತ್ತಿದ್ದಳು. "ಆ ಹುಡುಗಿ ರಾತ್ರಿ ಮೂರು ಸಲ ಬಂದು ನನ್ನ ಕೈ ಹಿಡಿದು ನೋಡಿ ಹೋದ್ಲಪ್ಪ. ನೀ ಕುರ್ಚ್ಯಾಗ ನಿದ್ದಿ ಹೊಡ್ಯಾಕ ಹತ್ತಿದ್ದಿ" ಅಂದಳು.

ನಮ್ಮಕ್ಕ ಇನ್ನೂ ಒಪ್ಪಿಲ್ಲ. ನಾನು ಒಪ್ಪಿದ್ದೇನೆ. ಮಗಳು ಸಿಇಟಿ ಬರೆದಿದ್ದಾಳೆ. ಸೋಮವಾರ ಮಿಲ್ಲಿಗೆ ರಜೆ ಹಾಕಿ ನಾಡಕಚೇರಿಗೆ ಹೋಗುತ್ತೇವೆ. 371ಜೆಗೆ ಏನೇನು ದಾಖಲೆ ಬೇಕು ಅಂತ ಗೊತ್ತಿದ್ದವರು ದಯವಿಟ್ಟು ತಿಳಿಸಿ.