ಗ್ರಾಮಸಭೆಯಲ್ಲಿ ಒಬ್ಬನೇ ಬೇಡ ಅಂದ್ರೆ ಉಪಯೋಗ ಇದೆಯಾ?

ಪ್ರಶ್ನೆ: ನಮ್ಮದು ಆಳಂದ ಕಡೆ ಹಳ್ಳಿ. ಮೊನ್ನೆ ಸಭೆಯಲ್ಲಿ ನಮ್ಮ ಓಣಿಗೆ ಸಿಸಿ ರಸ್ತೆ ಅಂದರು. ಚರಂಡಿನೇ ಇಲ್ಲ, ಮೊದಲು ಅದು ಆಗಲಿ, ಇಲ್ಲಾಂದ್ರೆ ಮಳೆ ನೀರೆಲ್ಲ ಮನೆಯೊಳಗೆ ಬರುತ್ತೆ ಅಂತ ನಾನೊಬ್ಬನೇ ಎದ್ದು ಹೇಳಿದೆ. "ಬಂದ ಕೆಲಸಕ್ಕೆ ಅಡ್ಡಗಾಲು ಹಾಕ್ತೀಯಾ" ಅಂತ ಬೈದರು. ಆಮೇಲೆ ಚಹಾದಂಗಡಿಯಲ್ಲಿ ಸಿಕ್ಕವರೆಲ್ಲ "ನೀ ಹೇಳಿದ್ದು ಖರೆ" ಅಂದರು. ಅಲ್ಲೇ ಯಾಕೆ ಬಾಯಿ ಬಿಡಲಿಲ್ಲ?

ಉತ್ತರ 1: ಅಣ್ಣ, ನಿಮ್ಮ ಮಾತು ನಡಾವಳಿ ಪುಸ್ತಕದಲ್ಲಿ ಬಂದಿದೆಯಾ ನೋಡಿ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ನಕಲು ಕೇಳಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ಬರೆಯದ ವಿರೋಧ ಸುಮ್ನೆ ಗಾಳಿಗೆ.

ಉತ್ತರ 2: ನಾನು ಒಪ್ಪಲ್ಲ. ಕಾಗದ ಆಮೇಲೆ. ಸಭೆಗೆ ಮೊದಲೇ ಮನೆಮನೆಗೆ ಹೋಗಿ ಮಾತಾಡಬೇಕಿತ್ತು. ಗೌಡರ ಎದುರು, ಸಾಲ ಕೊಟ್ಟವರ ಎದುರು ಕೈ ಎತ್ತೋದು ಸುಲಭ ಅಲ್ಲ. ಹೆಣ್ಣುಮಕ್ಕಳು ಸಭೆಯಲ್ಲಿ ಹಿಂದೆ ಕೂತಿರುತ್ತಾರೆ, ಆದರೆ ನೀರು ಎಲ್ಲಿ ನಿಲ್ಲುತ್ತೆ ಅಂತ ಜಾಸ್ತಿ ಗೊತ್ತಿರೋದು ಅವರಿಗೇ.

ಉತ್ತರ 3 (ಬಸವಕಲ್ಯಾಣದಿಂದ): 12ನೇ ಶತಮಾನದ ಅನುಭವ ಮಂಟಪ ನಮ್ಮದು ಅಂತ ಭಾಷಣ ಜೋರು. ಅದೇ ವೇದಿಕೆಯಲ್ಲಿ ಒಂದು ಪ್ರಶ್ನೆ ಕೇಳಿ ನೋಡಿ, "ನೀನು ಯಾವ ಪಾರ್ಟಿ" ಅಂತಾರೆ!

ಪ್ರಶ್ನೆ ಕೇಳಿದವರು: ನನಗೂ ಅದನ್ನೇ ಕೇಳಿದರು. ನಕಲಿಗೆ ನಾಳೆ ಅರ್ಜಿ ಕೊಡುತ್ತೇನೆ, ಓಣಿಯವರ ಸಹಿನೂ ಹಾಕಿಸುತ್ತೇನೆ.